ಗಾರೆ, ಗಚ್ಚು, ಸುಧೆ: ಬಸದಿ ಗೋಡೆಯ ಹಳೆಯ ಪದಗಳು

ಹಳೆಯ ಬಸದಿಗಳ ಇಟ್ಟಿಗೆ ಶಿಖರದ ಮೇಲೆ ಸುಣ್ಣ-ಮರಳಿನಲ್ಲಿ ಮಾಡಿದ ಹೂಬಳ್ಳಿ, ಯಕ್ಷ-ಯಕ್ಷಿಯರ ಉಬ್ಬುರೂಪಗಳಿಗೆ ಗಾರೆ ಕೆಲಸ ಎನ್ನುತ್ತಾರೆ. ಗಾರೆಗೆ ಗಚ್ಚು ಎಂಬ ಹೆಸರೂ ಉಂಟು. ಅದು ಪಾರಸಿಯಿಂದ ಬಂದ ಪದ. ಸಂಸ್ಕೃತದಲ್ಲಿ ಇದು ಸುಧಾ, ಕನ್ನಡದಲ್ಲಿ ಸುಧೆ. ಸುಧೆ ಬಳಿದ ಮನೆಯೇ ಸೌಧ.

ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಗಾಣದಲ್ಲಿ ಅರೆಯುತ್ತಿದ್ದರು. ಬಿಗಿಯಾಗಲೆಂದು ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುತ್ತಿದ್ದರು. ಹಸಿಯಿರುವಾಗಲೇ ಕರಣೆಯಿಂದ ರೂಪ ತಿದ್ದುತ್ತಿದ್ದರು.

ಜೀರ್ಣೋದ್ಧಾರ ಮಾಡಿಸುವವರು ಗಮನಿಸಬೇಕು. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್, ಎಣ್ಣೆಬಣ್ಣ ಬಳಿದರೆ ತೇವ ಒಳಗೇ ನಿಂತು ಹಳೆಯ ಕೆಲಸ ಉದುರುತ್ತದೆ. ಒಡೆದ ಕಡೆ ಸುಣ್ಣದ ಗಾರೆಯಿಂದಲೇ ದುರಸ್ತಿ ಮಾಡಿಸಿ. ಮುಂಚಿತವಾಗಿ ಫೋಟೋ ತೆಗೆಸಿಡಿ. ಉದುರಿದ ರೂಪ ಮರಳಿ ಬಾರದು.