ಬೆಳಕಿನ ಲೆಕ್ಕ

2003ರ ಜನವರಿ. ದಿಲ್ಲಿಯ ಮುನಿರ್ಕಾದಲ್ಲಿ ನೆಲಮಹಡಿಯ ಒಂದು ಕೋಣೆ ನನ್ನದು. ಕಿಟಕಿಯೇನೋ ಇತ್ತು, ಆದರೆ ತೆರೆದರೆ ಪಕ್ಕದ ಮನೆಯ ಗೋಡೆ. ಕೈ ಚಾಚಿದರೆ ಇಟ್ಟಿಗೆ ತಾಗುತ್ತಿತ್ತು. ಹೊರಗೆ ಮಂಜು, ಹೊಗೆ. ವಾರಗಟ್ಟಲೆ ಸೂರ್ಯ ಸರಿಯಾಗಿ ಮುಖ ತೋರಿಸಿರಲಿಲ್ಲ. ಕತ್ತಲಲ್ಲೇ ಎದ್ದು, ಟ್ಯೂಬ್‌ಲೈಟಿನ ಆಫೀಸಿನಲ್ಲಿ ಹಗಲು ಕಳೆದು, ಕತ್ತಲಲ್ಲೇ ವಾಪಸು. ಹತ್ತು ಗಂಟೆ ನಿದ್ದೆ ಮಾಡಿದರೂ ಸಾಲದು. ಅನ್ನ, ಪರಾಠ, ಗಜಕ್ ಏನು ಸಿಕ್ಕಿದರೂ ತಿನ್ನುವ ಆಸೆ. ಸ್ನೇಹಿತರು ಕರೆದರೆ ಹೋಗಲು ಮನಸ್ಸಿಲ್ಲ. ಕಾರಣವಿಲ್ಲದೆ ಅಳು ಬರುತ್ತಿತ್ತು ಎಂದು ಬರೆಯಲು ಇವತ್ತಿಗೂ ನಾಚಿಕೆ, ಆದರೆ ಬರುತ್ತಿದ್ದದ್ದು ನಿಜ.

ಭಾನುವಾರ ಊರಿಗೆ ಫೋನ್ ಮಾಡಿದರೆ ಅಮ್ಮ ಕೇಳುತ್ತಿದ್ದಳು: "ಏನೋ, ದನಿ ಯಾಕೋ ಬಿದ್ದೋಗಿದೆ? ಜ್ವರ ಏನಾದ್ರೂ ಇದ್ಯಾ?" ನಾನು "ಇಲ್ಲಮ್ಮ, ಇಲ್ಲಿಯ ಹವೆಯೇ ಹೀಗೆ" ಅನ್ನುತ್ತಿದ್ದೆ. ಹಿಂದಿನಿಂದ ಅಪ್ಪನ ತೀರ್ಪು ಕೇಳಿಸುತ್ತಿತ್ತು: "ಕೆಲಸಕ್ಕೆ ಮೈ ಬಗ್ಗಲ್ಲ ಅಂದ್ರೆ ಹವೆ ಮೇಲೆ ಯಾಕೆ ಹಾಕ್ತಾನಂತೆ!"

ಅಪ್ಪನ ಮಾತನ್ನು ನಾನೂ ನಂಬಿದ್ದೆ. ಮಲೆನಾಡಿನವನಿಗೆ ಕತ್ತಲೆ ಹೊಸದೇ? ಆಷಾಢದಲ್ಲಿ ನಮ್ಮೂರಲ್ಲೂ ಹಗಲಿಗೇ ದೀಪ ಹಾಕುತ್ತೇವೆ. ಅಲ್ಲಿ ಆಗದ್ದು ಇಲ್ಲಿ ಯಾಕಾಗಬೇಕು? ಹಾಗಾದರೆ ತಪ್ಪು ನನ್ನದೇ, ಎಂದುಕೊಂಡಿದ್ದೆ.

ಈ ಲೆಕ್ಕಾಚಾರ ತಪ್ಪು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಚಳಿಗಾಲದ ಖಿನ್ನತೆಯ ಚರಿತ್ರೆಯನ್ನು ಓದಿದಾಗ. ಆ ಕಾಯಿಲೆಗೆ ಹೆಸರಿಟ್ಟವನೂ ನಮ್ಮ ಹಾಗೆ ಊರು ಬಿಟ್ಟು ಬಂದವನೇ ಎಂಬುದು ನನಗೆ ಆಶ್ಚರ್ಯ ತಂದಿತು.

ಅವರ ಹೆಸರು ನಾರ್ಮನ್ ರೋಸೆಂಥಾಲ್. ಹುಟ್ಟಿ ಬೆಳೆದದ್ದು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್‌ನಲ್ಲಿ. ಅಲ್ಲಿ ಚಳಿಗಾಲದಲ್ಲೂ ಒಳ್ಳೆಯ ಬಿಸಿಲು. ಮನೋವೈದ್ಯಶಾಸ್ತ್ರದ ಹೆಚ್ಚಿನ ತರಬೇತಿಗೆಂದು 1976ರಲ್ಲಿ ನ್ಯೂಯಾರ್ಕ್‌ಗೆ ಬಂದರು. ಬೇಸಿಗೆಯಲ್ಲಿ ಹುರುಪಿನಿಂದ ಕೈಗೆತ್ತಿಕೊಂಡ ಕೆಲಸಗಳೆಲ್ಲ ಚಳಿಗಾಲ ಬಂದೊಡನೆ ಹೊರೆಯಾಗತೊಡಗಿದವು. ವಸಂತ ಬಂದರೆ ಮತ್ತೆ ಮೊದಲಿನಂತೆ. ಮರುವರ್ಷವೂ ಅದೇ ಕಥೆ. ಅಲ್ಲೇ ಹುಟ್ಟಿದವರಿಗೆ ಇದು "ಚಳಿಗಾಲ ಅಂದ್ರೆ ಹೀಗೇ" ಎಂದು ಬಿಟ್ಟುಬಿಡುವ ಸಂಗತಿ. ಬೇರೆ ಚಳಿಗಾಲ ಕಂಡಿದ್ದ ಹೊಸಬರಿಗೆ ಅದು ಎದ್ದು ಕಂಡಿತು.

ಮುಂದೆ ರೋಸೆಂಥಾಲ್ ವಾಷಿಂಗ್ಟನ್ ಹತ್ತಿರದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಸೇರಿದರು. ಅಲ್ಲಿ ಆಲ್ಫ್ರೆಡ್ ಲೂಯಿ ಎಂಬ ಸಂಶೋಧಕರು 1980ರಲ್ಲಿ ಒಂದು ಮುಖ್ಯ ವಿಷಯ ಪ್ರಕಟಿಸಿದರು. ರಾತ್ರಿ ಹೊತ್ತು ನಮ್ಮ ಮೆದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುತ್ತದೆ. ದೇಹಕ್ಕೆ ಅದು "ಈಗ ಕತ್ತಲು" ಎಂಬ ಸುದ್ದಿ. ಮನೆಯ ಮಾಮೂಲಿ ದೀಪದಷ್ಟು ಬೆಳಕು ಅದನ್ನು ಪೂರ್ತಿ ತಡೆಯಲಾರದು. 2,500 ಲಕ್ಸ್‌ನಷ್ಟು ಪ್ರಖರ ಬೆಳಕು ಕಣ್ಣಿಗೆ ಬಿದ್ದರೆ ಮಾತ್ರ ಸ್ರಾವ ಚೆನ್ನಾಗಿ ತಗ್ಗುತ್ತದೆ ಎಂದು ಅವರು ತೋರಿಸಿದರು. ಲಕ್ಸ್ ಎಂದರೆ ಬೆಳಕಿನ ಅಳತೆ. ರಾತ್ರಿ ದೀಪ ಹಾಕಿದ ನಮ್ಮ ಮನೆಯ ಕೋಣೆಯಲ್ಲಿ ಇರುವುದು ನೂರಿನ್ನೂರು ಲಕ್ಸ್, ಅಷ್ಟೆ.

ಅದೇ ಹೊತ್ತಿಗೆ ಆ ಸಂಸ್ಥೆಯ ಬಾಗಿಲು ತಟ್ಟಿದವರು ಹರ್ಬರ್ಟ್ ಕೆರ್ನ್. ವೃತ್ತಿಯಲ್ಲಿ ಎಂಜಿನಿಯರ್. ನಮ್ಮ ಹಳೆ ಶಾನುಭೋಗರು ಕಡತ ಇಟ್ಟ ಹಾಗೆ, ವರ್ಷಾನುವರ್ಷ ತಮ್ಮ ಮನಸ್ಸಿನ ಏರಿಳಿತವನ್ನು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಹಗಲು ಕಿರಿದಾದಾಗ ಕುಸಿತ, ಹಗಲು ಹಿಗ್ಗಿದಾಗ ಚೇತರಿಕೆ. "ಇದಕ್ಕೂ ಬೆಳಕಿಗೂ ಸಂಬಂಧ ಇದೆ, ನೋಡಿ" ಎಂದು ವೈದ್ಯರಿಗೆ ತೋರಿಸಿಕೊಟ್ಟದ್ದು ರೋಗಿಯೇ. ಚಳಿಗಾಲದಲ್ಲಿ ಬೆಳಗಿನ ಜಾವ ಮೂರು ತಾಸು, ಸಂಜೆ ಮೂರು ತಾಸು ಅವರನ್ನು ಪ್ರಖರ ದೀಪದ ಮುಂದೆ ಕೂರಿಸಿದರು. ಲೆಕ್ಕ ಸರಳ: ಚಿಕ್ಕ ಹಗಲನ್ನು ಎರಡೂ ತುದಿಯಿಂದ ಎಳೆದು ಬೇಸಿಗೆಯ ಹಗಲಿನಷ್ಟು ಉದ್ದ ಮಾಡುವುದು. ಕೆಲವೇ ದಿನಗಳಲ್ಲಿ ಕೆರ್ನ್ ಎದ್ದು ಓಡಾಡತೊಡಗಿದರು. 1982ರಲ್ಲಿ ಈ ಪ್ರಯೋಗದ ವರದಿ ಪ್ರಕಟವಾದಾಗ ಲೇಖಕರ ಸಾಲಿನಲ್ಲಿ ಕೆರ್ನ್ ಹೆಸರೂ ಇತ್ತು. ರೋಗಿಯ ಹೆಸರು ವೈದ್ಯರ ಜೊತೆ ಅಚ್ಚಾಗುವುದು ಎಷ್ಟು ಅಪರೂಪ!

ಒಬ್ಬರಿಂದ ಏನು ಸಾಬೀತಾಗುತ್ತದೆ? 1981ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಈ ವಿಷಯದ ಲೇಖನ ಬಂತು. ಓದಿದವರಲ್ಲಿ ಸಾವಿರಾರು ಜನ "ನನಗೂ ಹೀಗೇ ಆಗುತ್ತೆ" ಎಂದು ಸಂಸ್ಥೆಯನ್ನು ಸಂಪರ್ಕಿಸಿದರು. ಅಷ್ಟು ಜನ ಅಲ್ಲಿಯವರೆಗೆ ತಮ್ಮನ್ನೇ ಸೋಮಾರಿಗಳೆಂದು ಬೈದುಕೊಂಡಿರಬೇಕು. 1984ರಲ್ಲಿ ರೋಸೆಂಥಾಲ್ ಮತ್ತು ಸಂಗಡಿಗರು 29 ರೋಗಿಗಳ ವಿವರ ಪ್ರಕಟಿಸಿ, ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಎಂದು ಹೆಸರಿಟ್ಟರು. ಋತುಮಾನದ ಖಿನ್ನತೆ ಎನ್ನೋಣ. ಅತಿನಿದ್ದೆ, ಅತಿಹಸಿವು, ಸಿಹಿಯ ಚಪಲ, ಜನರಿಂದ ದೂರವಿರುವ ಮನಸ್ಸು: ಅವರ ಪಟ್ಟಿ ಓದುವಾಗ ಮುನಿರ್ಕಾದ ಕೋಣೆ ಕಣ್ಣಮುಂದೆ ಬಂತು.

ಹೆಸರು ಹೊಸದು, ಸಂಕಟ ಹಳೆಯದು. 1898ರಲ್ಲಿ ಬೆಲ್ಜಿಕಾ ಎಂಬ ಹಡಗು ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಬಿತ್ತು. ಸುಮಾರು ಎಪ್ಪತ್ತು ದಿನ ಸೂರ್ಯನೇ ಇಲ್ಲ. ನಾವಿಕರು ಒಬ್ಬೊಬ್ಬರಾಗಿ ಮಂಕಾದರು, ಕೆಲವರಿಗೆ ಬುದ್ಧಿ ಕದಡಿತು. ಹಡಗಿನ ವೈದ್ಯ ಫ್ರೆಡರಿಕ್ ಕುಕ್ ಅವರನ್ನು ಉರಿಯುವ ಒಲೆಯ ಮುಂದೆ ಕೂರಿಸಿದ. ಸೀಲ್, ಪೆಂಗ್ವಿನ್‌ಗಳ ಹಸಿ ಮಾಂಸ ತಿನ್ನಿಸಿದ. ಅವರಿಗೆ ಸ್ಕರ್ವಿಯೂ ಇದ್ದುದರಿಂದ ಗುಣ ಬೆಂಕಿಯದೋ ಮಾಂಸದ್ದೋ ಎಂದು ಬೇರ್ಪಡಿಸಿ ಹೇಳುವಂತಿಲ್ಲ. ಆದರೆ ಕತ್ತಲೆಗೆ ಔಷಧ ಬೆಳಕೇ ಎಂಬುದು ಅವನಿಗೆ ಹೊಳೆದಿತ್ತು.

ನಾರ್ವೆಯ ರ‍್ಯೂಕನ್ ಎಂಬ ಪಟ್ಟಣ ಆಳ ಕಣಿವೆಯಲ್ಲಿದೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ತನಕ ಅಲ್ಲಿಗೆ ಬಿಸಿಲು ಇಳಿಯುವುದಿಲ್ಲ. ಜನ ಮೇಲೆ ಹೋಗಿ ಬಿಸಿಲು ಕಾಯಲೆಂದು 1928ರಲ್ಲಿ ಹಗ್ಗದ ತೊಟ್ಟಿಲುಬಂಡಿಯನ್ನೇ ಹಾಕಿಸಿಕೊಟ್ಟಿತು ಅಲ್ಲಿಯ ಕಾರ್ಖಾನೆ. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ ಊರ ಚೌಕಕ್ಕೆ ಬಿಸಿಲು ಬೀಳುವಂತೆ ಮಾಡಿದರು.

ನಾರ್ವೆ ಎಲ್ಲಿ, ದಿಲ್ಲಿ ಎಲ್ಲಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಡಿಸೆಂಬರ್ ಕೊನೆಯಲ್ಲಿ ಆಸ್ಲೋದ ಹಗಲು ಆರು ತಾಸಿಗೂ ಕಡಿಮೆ. ದಿಲ್ಲಿಯದು ಹತ್ತೂ ಕಾಲು ತಾಸಿನ ಮೇಲೆ, ಬೆಂಗಳೂರಿಗಿಂತ ಒಂದೇ ತಾಸು ಕಡಿಮೆ. ಸಮಭಾಜಕ ವೃತ್ತದಿಂದ ದಿಲ್ಲಿ ಎಷ್ಟು ದೂರವೋ ರೋಸೆಂಥಾಲ್ ಅವರ ಜೊಹಾನ್ಸ್‌ಬರ್ಗ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಅಲ್ಲಿ ಅವರಿಗೆ ಏನೂ ಆಗಿರಲಿಲ್ಲ. ಆದ್ದರಿಂದ ದಿಲ್ಲಿಯ ಆಕಾಶದಲ್ಲಿ ಸೂರ್ಯ ಕಡಿಮೆ ಹೊತ್ತು ಇರುತ್ತಾನೆ ಎಂದು ದೂರುವಂತಿಲ್ಲ. ಅವನು ಮಂಜು ಹೊಗೆಗಳ ಹಿಂದೆ ಇರುತ್ತಾನೆ, ನಾವು ಗೋಡೆಗಳ ಹಿಂದೆ.

ನನ್ನ ಆಷಾಢದ ಒಗಟೂ ಇಲ್ಲಿ ಬಿಡಿಸಿಕೊಂಡಿತು. ಮೋಡ ಕವಿದಿದ್ದರೂ ಬಯಲಿನ ಬೆಳಕು ಸಾವಿರಾರು ಲಕ್ಸ್ ಇರುತ್ತದೆ. ಊರಲ್ಲಿ ಎಷ್ಟೇ ಮಳೆಯಿದ್ದರೂ ಕೊಟ್ಟಿಗೆ, ಗದ್ದೆ, ತೋಟ ಎಂದು ಕಂಬಳಿಕೊಪ್ಪೆ ಹೊದ್ದು ದಿನಕ್ಕೆ ನಾಲ್ಕು ಸಲ ಹೊರಗೆ ಹೋಗಲೇಬೇಕಿತ್ತು. ದನಗಳು ನಮ್ಮನ್ನು ಬೆಳಕಿಗೆ ಎಳೆಯುತ್ತಿದ್ದವು. ಮುನಿರ್ಕಾದಲ್ಲಿ ನನ್ನನ್ನು ಎಳೆಯಲು ಯಾರಿದ್ದರು?

ಇದ್ದರು, ಮನೆ ಮಾಲೀಕರ ವಯಸ್ಸಾದ ತಾಯಿ. ಒಂದು ಭಾನುವಾರ ಮಧ್ಯಾಹ್ನ ಮಂಜು ಹರಿದಾಗ ಬಾಗಿಲು ಬಡಿದು, "ಊಪರ್ ಆಜಾ ಬೇಟಾ, ಧೂಪ್ ಮೇ ಬೈಠ್" ಎಂದು ತಾರಸಿಗೆ ಕರೆದರು. ಮೇಲೆ ಇಡೀ ಓಣಿಯೇ ಇತ್ತು. ಕಡಲೆಕಾಯಿ ಬಿಡಿಸುವವರು, ಸ್ವೆಟರ್ ಹೆಣೆಯುವವರು, ಬಿಸಿಲಿಗೆ ಬೆನ್ನು ಕೊಟ್ಟು ಕೂತ ಮುದುಕರು. ಲಕ್ಸ್ ಎಂಬ ಶಬ್ದ ಆ ಅಜ್ಜಿಗೆ ಗೊತ್ತಿರಲಿಲ್ಲ. ನಾನು ಎರಡು ತಾಸು ಕೂತೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಮನುಷ್ಯನಾದೆ. ನನ್ನದು ಈ ಕಾಯಿಲೆಯೇ ಎಂದು ಯಾವ ವೈದ್ಯರೂ ಹೇಳಿಲ್ಲ, ನಾನು ಕೇಳಲೂ ಇಲ್ಲ. ಕೇಳಬೇಕಿತ್ತು.

ಏಕೆಂದರೆ ಚಿಕಿತ್ಸೆ ಇದೆ. 10,000 ಲಕ್ಸ್‌ನ ದೀಪದ ಪೆಟ್ಟಿಗೆಯ ಮುಂದೆ ಬೆಳಗ್ಗೆ ಅರ್ಧ ತಾಸು ಕೂತರೆ ಸಾಕು ಎಂಬಲ್ಲಿಗೆ ಸಂಶೋಧನೆ ಬಂದಿದೆ. ದೀಪವನ್ನು ದಿಟ್ಟಿಸಬೇಕಿಲ್ಲ, ಪಕ್ಕದಲ್ಲಿಟ್ಟು ಪೇಪರ್ ಓದಬಹುದು. 2006ರಲ್ಲಿ ಕೆನಡಾದಲ್ಲಿ 96 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಇದು ಖಿನ್ನತೆಯ ಮಾತ್ರೆಯಾದ ಫ್ಲೂಆಕ್ಸೆಟಿನ್‌ನಷ್ಟೇ ಗುಣ ಕೊಟ್ಟಿತು. ಆದರೆ ಕಣ್ಣಿನ ಪೊರೆಪದರದ ತೊಂದರೆ ಇರುವವರು, ಮನಸ್ಸು ಒಮ್ಮೆ ಕುಸಿದು ಇನ್ನೊಮ್ಮೆ ವಿಪರೀತ ಉಬ್ಬುವ ಬೈಪೋಲಾರ್ ಕಾಯಿಲೆಯವರು ವೈದ್ಯರನ್ನು ಕೇಳದೆ ಈ ದೀಪ ಹಚ್ಚಬಾರದು. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಬಿಸಿಲನ್ನು ಕಾಯುತ್ತ ಕೂರುವಂತಿಲ್ಲ. ತಕ್ಷಣ ವೈದ್ಯರ ಬಳಿ ಹೋಗಬೇಕು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು.

ಊರಲ್ಲಿರುವ ನಿಮಗೆ ಇಷ್ಟೆಲ್ಲ ಯಾಕೆ ಬರೆದೆ ಎಂದರೆ, ನಿಮ್ಮ ಮಗನೋ ಮಗಳೋ ಇವತ್ತು ಹೀಗೆ ಯಾವುದೋ ದೂರದ ಊರಿನ ಬಾಡಿಗೆ ಕೋಣೆಯಲ್ಲಿರಬಹುದು. ಫೋನಿನಲ್ಲಿ ದನಿ ಇಳಿದಿದ್ದರೆ ಸೋಮಾರಿ ಎನ್ನುವ ಮೊದಲು ಕೋಣೆಗೆ ಕಿಟಕಿ ಯಾವ ಕಡೆಗಿದೆ ಎಂದು ಕೇಳಿ.

ಅಪ್ಪನಿಗೆ ನಾನು ಕೆರ್ನ್ ಕಥೆ ಹೇಳಿದ್ದೆ. ಆತ ವರ್ಷಗಟ್ಟಲೆ ಲೆಕ್ಕ ಬರೆದಿಟ್ಟಿದ್ದು ಅಡಿಕೆ ಲೆಕ್ಕ ಬರೆಯುವ ಅಪ್ಪನಿಗೆ ಹಿಡಿಸಿತು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಆದರೆ ಆ ವರ್ಷದ ಡಿಸೆಂಬರಿನಿಂದ ಫೋನ್ ಎತ್ತಿದ ಕೂಡಲೇ ಅವರ ಮೊದಲ ಮಾತು ಬದಲಾಯಿತು: "ಏನಪ್ಪಾ, ಇವತ್ತು ಬಿಸಿಲು ಬಂತಾ? ತಾರಸಿಗೆ ಹೋಗಿದ್ಯಾ?"