ಸೋತರೆ ಅವರ ವಕೀಲರ ಖರ್ಚೂ ನಿನ್ನ ತಲೆಗೇ!



"ಕೇಸು ಹಾಕ್ಬೋದು ಅಣ್ಣಾ, ಸೋತ್ರೆ ಅವರ ಖರ್ಚೂ ನಮ್ಮ ತಲೆಗೇ ಬಂದ್ರೆ?" ಕೆಲಸ ಕಳ್ಕೊಂಡವರ ಬಾಯಲ್ಲಿ ಈ ಮಾತು ಎಷ್ಟೋ ಸಲ ಕೇಳಿದೀನಿ. ಈ ಭಯಕ್ಕೂ ಒಂದು ಚರಿತ್ರೆ ಇದೆ. ಬ್ರಿಟನ್ನಿನಲ್ಲಿ ಅದು ಹೇಗೆ ಬೆಳೆಯಿತು ಅಂತ ಇಸವಿ ಸಮೇತ ಹೇಳಬಹುದು. ಜಾತಿಯ ಪ್ರಶ್ನೆಯೂ ಅಲ್ಲಿನ ಇದೇ ಕಟ್ಟೆ ಹತ್ತಿದ್ದರಿಂದ ಇದು ನಮ್ಮ ಚರಿತ್ರೆಯೂ ಹೌದು.

ಅಲ್ಲಿನ ಕೈಗಾರಿಕಾ ಟ್ರಿಬ್ಯೂನಲ್‌ಗಳು ಹುಟ್ಟಿದ್ದು 1964ರ ಕಾಯ್ದೆಯಿಂದ. 1971ರ ಕಾಯ್ದೆ ಅನ್ಯಾಯದ ವಜಾ ಪ್ರಕರಣಗಳನ್ನೂ ಅವಕ್ಕೆ ಒಪ್ಪಿಸಿತು. 1998ರಲ್ಲಿ ಹೆಸರು ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್ ಅಂತಾಯ್ತು. ವಕೀಲರಿಲ್ಲದೆ ಕಾರ್ಮಿಕರೇ ನಿಂತು ಮಾತಾಡಬೇಕು, ಗೆಲ್ಲಲಿ ಸೋಲಲಿ ಯಾರ ಖರ್ಚು ಅವರದು ಅನ್ನೋದು ಮೂಲ ಆಶಯ. ಹುರುಳಿಲ್ಲದೆ, ಬರೀ ಕಾಟ ಕೊಡೋಕೆ ಕೇಸು ಹಾಕಿದವರಿಗೆ ಮಾತ್ರ ಎದುರಾಳಿಯ ಖರ್ಚು.

ಆಮೇಲೆ ಬಾಗಿಲು ಸಣ್ಣದಾಗ್ತಾ ಬಂತು. 1980ರಲ್ಲಿ "ಅಸಮಂಜಸ ನಡವಳಿಕೆ" ಅನ್ನೋ ಕಾರಣ ಸೇರಿತು. 2001ರಲ್ಲಿ "ಗೆಲ್ಲುವ ಸಾಧ್ಯತೆಯೇ ಇಲ್ಲದ ಕೇಸು" ಅನ್ನೋದೂ ಸೇರಿತು. ವಿವರವಾದ ಲೆಕ್ಕ ನೋಡದೆ ವಿಧಿಸಬಹುದಾದ ಮೊತ್ತ ಅದೇ ವರ್ಷ 500 ಪೌಂಡಿನಿಂದ 10,000ಕ್ಕೆ, 2012ರಲ್ಲಿ 20,000ಕ್ಕೆ ಏರಿತು. ನಿಯಮ ಇಬ್ಬರಿಗೂ ಒಂದೇ, ನಿಜ. ಆದರೆ ಮಾಲೀಕ ಕೇಳೋದು ವಕೀಲರ ಫೀಸು. ವಕೀಲರಿಲ್ಲದೆ ಹೋರಾಡಿದವರಿಗೆ ಅಂಥ ಆದೇಶ ಸಿಕ್ಕರೂ, 2013ರ ದರದಲ್ಲಿ, ಗಂಟೆಗೆ 33 ಪೌಂಡು. ತೆರುವ ಶಕ್ತಿ ಇದೆಯಾ ಅಂತ ನ್ಯಾಯಾಧೀಶರು ನೋಡಬಹುದು, ನೋಡಲೇಬೇಕು ಅಂತಿಲ್ಲ.

ಖರ್ಚಿನ ಆದೇಶ ಅಲ್ಲಿ ಇವತ್ತಿಗೂ ಅಪವಾದವೇ. ಕೆಲಸ ಮಾಡೋದು ಆದೇಶ ಅಲ್ಲ, "ಕೇಸು ವಾಪಸ್ ತಗೋ, ಇಲ್ಲಾಂದ್ರೆ ಖರ್ಚು ಕೇಳ್ತೀವಿ" ಅನ್ನೋ ವಕೀಲರ ಪತ್ರ. ಒಂಟಿಯಾಗಿ ನಿಂತವರು ಅದನ್ನೇ ತೀರ್ಪು ಅಂತ ತಿಳೀತಾರೆ. ವಕೀಲರನ್ನು ಅಳೆಯುವ ಕೋಲಿನಿಂದ ಇಂಥವರನ್ನು ಅಳೆಯಬಾರದು ಅಂತ 2012ರಲ್ಲಿ ಮೇಲ್ಮನವಿ ಟ್ರಿಬ್ಯೂನಲ್ ಹೇಳಬೇಕಾಯ್ತು.

ಈಗ ನಮ್ಮ ವಿಷಯ. ಬಿಹಾರದಿಂದ ಹೋಗಿದ್ದ ಆದಿವಾಸಿ ಮನೆಗೆಲಸದ ಹೆಣ್ಣುಮಗಳೊಬ್ಬಳು ಜಾತಿ ತಾರತಮ್ಯದ ದೂರು ಕೊಟ್ಟಳು. ಕಾಯ್ದೆಯಲ್ಲಿನ ಜನಾಂಗದ ವ್ಯಾಖ್ಯೆಯೊಳಗೆ ಜಾತಿ ಬರಲ್ಲ, ಈ ದೂರು ನಿಲ್ಲಲ್ಲ ಅಂದರು ಮಾಲೀಕರು. 2014ರ ಡಿಸೆಂಬರಿನಲ್ಲಿ ಮೇಲ್ಮನವಿ ಟ್ರಿಬ್ಯೂನಲ್ ಅವರ ವಾದ ತಳ್ಳಿಹಾಕಿ, ಜಾತಿಯೂ ಜನಾಂಗೀಯ ಮೂಲದೊಳಗೆ ಬರಬಹುದು ಅಂದಿತು. ಮರುವರ್ಷ ಆಕೆಗೆ ಬಾಕಿ ಕೂಲಿಯೇ 1,80,000 ಪೌಂಡಿಗೂ ಹೆಚ್ಚು ಸಿಕ್ಕಿತು. ಆಕೆಗೆ ವಕೀಲರಿದ್ದರು. ಇಲ್ಲದಿದ್ದರೆ? ಒಂದು ಬೆದರಿಕೆ ಪತ್ರ ಸಾಕಾಗ್ತಿತ್ತು.

"ಗೆಲ್ಲೋ ಸಾಧ್ಯತೆ ಇಲ್ಲ" ಅಂತ ಹೇಳಿಸಿಕೊಂಡ ಕೇಸುಗಳಿಂದಲೇ ನಮ್ಮಂಥವರಿಗೆ ಹೊಸ ಹಕ್ಕು ಸಿಗೋದು. ಬ್ರಿಟನ್ ಸರ್ಕಾರ 2013ರಲ್ಲಿ 1,200 ಪೌಂಡಿನವರೆಗೆ ಟ್ರಿಬ್ಯೂನಲ್ ಶುಲ್ಕ ಹಾಕಿದಾಗ ಕೇಸುಗಳೇ ಕುಸಿದುಬಿದ್ದವು. 2017ರಲ್ಲಿ ಅದನ್ನು ಸುಪ್ರೀಂ ಕೋರ್ಟಿನಲ್ಲಿ ರದ್ದು ಮಾಡಿಸಿದ್ದು ಯೂನಿಸನ್ ಅನ್ನೋ ಕಾರ್ಮಿಕ ಸಂಘ, ಒಂಟಿ ಕಾರ್ಮಿಕ ಅಲ್ಲ.

ಪತ್ರ ಬಂದರೆ ಒಬ್ಬರೇ ಓದಬೇಡಿ. ಸಂಘದಲ್ಲಿ ಕೂತು ಓದಿ.

ಜೈ ಭೀಮ್.