ಒಂಬತ್ತು ಗಜದ ಮಾತು

‘ಅವನು ಹೇಳಿದ್ದು ಹದಿನಾರಾಣೆ ನಿಜ’ ಎಂದು ನಾವು ಈಗಲೂ ಅನ್ನುವುದುಂಟು. 1957ರಲ್ಲಿ ದಶಮಾಂಶ ನಾಣ್ಯ ಬಂದು ಆಣೆ ಮೂಲೆ ಸೇರಿದರೂ ಮಾತು ಉಳಿಯಿತು. ರೂಪಾಯಿಗೆ ಹದಿನಾರಾಣೆಯೆಂಬ ಲೆಕ್ಕ ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥದೇ ಅರ್ಥದಲ್ಲಿ ಅಮೆರಿಕದವರು ‘ದಿ ಹೋಲ್ ನೈನ್ ಯಾರ್ಡ್ಸ್’, ಅಂದರೆ ‘ಇಡೀ ಒಂಬತ್ತು ಗಜ’ ಎನ್ನುತ್ತಾರೆ. ಚಪ್ಪರದಿಂದ ಬೀಗರ ಊಟದವರೆಗೆ ಏನೊಂದೂ ಬಿಡದೆ ಮದುವೆ ಮಾಡಿದರೆ ಅದು ಒಂಬತ್ತು ಗಜದ ಮದುವೆ. ಆದರೆ ಯಾವುದರ ಒಂಬತ್ತು ಗಜ?

ಹದಿನೆಂಟು ಮೊಳದ ಸೀರೆಯುಟ್ಟ ಅಜ್ಜಿಯರನ್ನು ಕಂಡ ನಮಗೆ ಉತ್ತರ ಥಟ್ಟನೆ ಹೊಳೆದೀತು. ಎರಡು ಮೊಳಕ್ಕೊಂದು ಗಜವಲ್ಲವೆ! ಏನು ಮಾಡೋಣ, ಈ ಮಾತು ಬೆಳೆದ ನಾಡಿನಲ್ಲಿ ಸೀರೆಯಿಲ್ಲ.

ಅಲ್ಲಿಯವರೂ ಊಹೆಗೆ ಕಡಮೆ ಮಾಡಿಲ್ಲ. 1982ರಲ್ಲಿ ವಿಲಿಯಂ ಸಫೈರ್ ಎಂಬ ಪತ್ರಿಕಾ ಲೇಖಕರು ಬಾನುಲಿಯಲ್ಲೇ ಕೇಳುಗರ ಮುಂದೆ ಈ ಪ್ರಶ್ನೆಯಿಟ್ಟರು. ಕಾಂಕ್ರೀಟು ಲಾರಿಯ ಒಂಬತ್ತು ಘನಗಜವೆಂದವರುಂಟು; ಹಡಗಿನ ಹಾಯಿಕಂಬದ ಅಡ್ಡಮರಗಳೆಂದವರುಂಟು; ಸ್ಕಾಟ್ಲೆಂಡಿನ ಗಂಡಸರ ನೆರಿಗೆ ಲಂಗದ ಬಟ್ಟೆಯೆಂದವರೂ ಉಂಟು. ಎಲ್ಲಕ್ಕಿಂತ ಸೊಗಸಾದದ್ದು ಎರಡನೆಯ ಮಹಾಯುದ್ಧದ ಕಥೆ. ಯುದ್ಧವಿಮಾನದ ಮೆಷಿನ್ ಗನ್ನಿನ ಗುಂಡಿನ ಪಟ್ಟಿ 27 ಅಡಿ ಉದ್ದವಂತೆ. ಶತ್ರುವಿನ ಮೇಲೆ ಅಷ್ಟನ್ನೂ ಸುರಿದ ವೈಮಾನಿಕ ‘ಒಂಬತ್ತು ಗಜವನ್ನೂ ಕೊಟ್ಟೆ’ ಎಂದನಂತೆ. ಈ ಕಥೆ ನನಗೂ ಬಹಳ ಹಿಡಿಸಿತ್ತು.

ಹಳೆಯ ಪತ್ರಿಕೆಗಳು ಇದನ್ನು ಉಳಿಯಗೊಡಲಿಲ್ಲ. ಇಂಡಿಯಾನಾ ಪ್ರಾಂತದ ಮಿಚೆಲ್ ಎಂಬ ಸಣ್ಣ ಪಟ್ಟಣದ ಪತ್ರಿಕೆ 1907ರ ಮೇ ತಿಂಗಳಲ್ಲಿ ಊರಿನ ವರ್ತಕರ ಬೇಸ್‌ಬಾಲ್ ಪಂದ್ಯವನ್ನು ಸಾರುತ್ತ, ಪೂರ್ತಿ ಒಂಬತ್ತು ಗಜ ಆಡುವ ಭರವಸೆ ಮಾತ್ರ ಕೊಡಲಾರೆವೆಂದು ತಮಾಷೆ ಮಾಡಿದೆ. ರೈಟ್ ಸೋದರರು ಮೊದಲು ಹಾರಿದ್ದು 1903ರಲ್ಲಿ. ಯುದ್ಧವಿಮಾನದ ಮಾತೆಲ್ಲಿ ಬಂತು? ವಿಯಟ್ನಾಂ ಯುದ್ಧಕಾಲದ ವೈಮಾನಿಕರು ಈ ನುಡಿಯನ್ನು ಬಳಸಿ ಹರಡಿದರೆಂಬುದು ನಿಜ, ಹುಟ್ಟಿಸಿದವರು ಅವರಲ್ಲ.

ಇದಕ್ಕಿಂತ ಸ್ವಾರಸ್ಯವಾದ ಸಂಗತಿ 2012ರಲ್ಲಿ ಬೆಳಕಿಗೆ ಬಂತು. ಹುಡುಕಿದವರಲ್ಲೊಬ್ಬರು ಬಾನಿ ಟೇಲರ್-ಬ್ಲೇಕ್. ವೃತ್ತಿಯಿಂದ ನರವಿಜ್ಞಾನದ ಸಂಶೋಧಕಿ, ಪದಗಳ ಬೆನ್ನುಹತ್ತುವುದು ಹವ್ಯಾಸ. ಕೆಂಟಕಿಯ ಪತ್ರಿಕೆಯೊಂದು 1912ರಲ್ಲಿ ಇದೇ ಅರ್ಥದಲ್ಲಿ ಬರೆದದ್ದು ‘ಇಡೀ ಆರು ಗಜ’ ಎಂದು! 1921ರಲ್ಲಿ ದಕ್ಷಿಣ ಕೆರೊಲಿನಾದ ಪತ್ರಿಕೆಯೊಂದರ ತಲೆಬರಹದಲ್ಲಿಯೂ ಆರೇ ಗಜ. ಗುಂಡಿನ ಪಟ್ಟಿಯನ್ನೋ ಬಟ್ಟೆಯನ್ನೋ ಅಳೆದು ಬಂದ ಮಾತಾಗಿದ್ದರೆ ಅಳತೆ ಹೀಗೆ ಊರಿಂದೂರಿಗೆ ಬದಲಾಗುತ್ತಿತ್ತೆ? ನಮ್ಮ ಹದಿನಾರಾಣೆ ಎಲ್ಲಿಯೂ ಹನ್ನೆರಡಾಣೆಯಾಗಲಿಲ್ಲ, ಅದರ ಹಿಂದೆ ರೂಪಾಯಿಯಿತ್ತು. ಅವರ ಗಜಕ್ಕೆ ಅಂಥ ಆಧಾರ ಕಾಣುವುದಿಲ್ಲ. ಆರೂ ಒಂಬತ್ತೂ ಕೆಲಕಾಲ ಜೊತೆಜೊತೆಯಾಗಿ ನಡೆದು, ಕೊನೆಗೆ ದೊಡ್ಡದೇ ಜನರ ಬಾಯಲ್ಲಿ ನಿಂತಿತು.